ಅಡಕತ್ತರಿ ಬಿಟ್ಟು ಹಾರಿದ ಚಿಕ್ಕಪ್ಪ

ನನಗೆ ವಿಮಾನದ ಹುಚ್ಚು ಹಿಡಿದದ್ದು ಚಿಕ್ಕವನಿದ್ದಾಗಲೇ ಇರಬೇಕು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಂಗಳದಲ್ಲಿ ನಿಂತು, ಆಕಾಶದಲ್ಲಿ ಬಿಳಿ ಗೆರೆ ಕಂಡರೆ ಸಾಕು, "ರಾಕೆಟ್, ರಾಕೆಟ್" ಅಂತ ಕೂಗುತ್ತಿದ್ದೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿರುತ್ತಿದ್ದ ಚಿಕ್ಕಪ್ಪ ತಲೆ ಎತ್ತದೆ ಹೇಳುತ್ತಿದ್ದರು: "ಅದು ರಾಕೆಟ್ ಅಲ್ಲ ಮಾರಾಯ, ವಿಮಾನ. ಅದರೊಳಗೆ ಜನ ಕೂತು ಊಟ ಮಾಡ್ತಾ ಇರ್ತಾರೆ."

ಆ ಚಿಕ್ಕಪ್ಪನಿಗೆ ಈಗ 72. ಈ ವರ್ಷದವರೆಗೆ ಅವರು ವಿಮಾನ ಹತ್ತಿರಲಿಲ್ಲ. ಬೆಂಗಳೂರಿನಲ್ಲಿ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಎರಡು ತಿಂಗಳ ಮೇಲೆ, ಸೆಪ್ಟೆಂಬರ್ ಕೊನೆಯಲ್ಲಿ, ತೋರಿಸಿಕೊಂಡು ಹೋಗಲು ಮತ್ತೆ ಬಂದಿದ್ದರು. ಎಲ್ಲ ಚೆನ್ನಾಗಿದೆ ಅಂದರು ಡಾಕ್ಟರು. ಹೊಸ ಕಣ್ಣಿನ ಉತ್ಸಾಹದಲ್ಲಿ ಚಿಕ್ಕಪ್ಪ ನಮ್ಮ ಎದುರು ಮನೆಯ ಮೂರನೇ ಮಹಡಿಯಲ್ಲಿ ಒಣಗಿಸಿದ್ದ ಬಟ್ಟೆ ಲೆಕ್ಕ ಹಾಕುತ್ತಿದ್ದರು. ಊರಿಗೆ ಬಿಟ್ಟು ಬರುವುದು ಹೇಗೂ ನನ್ನ ಕೆಲಸ. ನಾಲ್ಕು ದಿನ ರಜೆ ಹಾಕಿ, ಅವರಿಗೆ ಹೇಳದೆ ಶಿವಮೊಗ್ಗಕ್ಕೆ ಎರಡು ವಿಮಾನದ ಟಿಕೆಟ್ ಮಾಡಿಬಿಟ್ಟೆ.

ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನದಲ್ಲಿ ವಾಯುಪಡೆಯ ಸೂರ್ಯಕಿರಣ್ ತಂಡ ನೋಡಲು ಬಿಸಿಲಲ್ಲಿ ನಿಂತು ಕುತ್ತಿಗೆ ಹಿಡಿಸಿಕೊಂಡವನು ನಾನು. ಎಚ್‌ಎಎಲ್‌ನ ಮ್ಯೂಸಿಯಮ್ಮಿಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೂ ದಿನಕ್ಕೆ ಬೆರಳೆಣಿಕೆಯಷ್ಟು ವಿಮಾನ ಬರುವ ನಮ್ಮೂರ ಕಡೆ ಈ ನಾಲ್ಕು ದಿನ ನೋಡಿದಷ್ಟು ಹತ್ತಿರದಿಂದ, ಪುರುಸೊತ್ತಾಗಿ, ಎಲ್ಲೂ ನೋಡಿರಲಿಲ್ಲ. ದಿನಕ್ಕೆ ನೂರು ಬಂದರೆ ಒಂದನ್ನೂ ಸರಿಯಾಗಿ ನೋಡಲು ಆಗುವುದಿಲ್ಲ, ಅಲ್ವಾ?

ಶುಕ್ರವಾರ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಚಿಕ್ಕಪ್ಪ ಮೊದಲು ನೋಡಿದ್ದು ಕೆಂಪೇಗೌಡರ 108 ಅಡಿಯ ಪ್ರತಿಮೆ. ಎರಡನೆಯದು ಕಾಫಿಯ ದರ. ಎರಡಕ್ಕೂ ಒಂದೇ ಮಾತು: "ಅಬ್ಬಾ."

ತಪ್ಪು ನನ್ನದೇ. ಬಟ್ಟೆಯ ಬ್ಯಾಗು ಚೆಕ್ ಇನ್‌ಗೆ ಕೊಟ್ಟೆ, ಗುರುತಿನ ಚೀಟಿ ನೋಡಿಕೊಂಡೆ, ಔಷಧಿ ನೋಡಿಕೊಂಡೆ. ಅವರ ಸೊಂಟದ ಎಲೆ ಅಡಿಕೆ ಸಂಚಿ ಮಾತ್ರ ನೆನಪೇ ಆಗಲಿಲ್ಲ. ಅದು ಅವರ ಮೈಯ ಒಂದು ಭಾಗ ಅಂತಲೇ ನಾವೆಲ್ಲ ಅಂದುಕೊಂಡಿದ್ದೇವೆ. ಸ್ಕ್ಯಾನರ್‌ನಲ್ಲಿ ಸಂಚಿ ನಿಂತಿತು. ಒಳಗಿಂದ ಅಡಕತ್ತರಿ ಹೊರಬಂತು. ಕಬ್ಬಿಣದ ಅಲಗು, ಹಿಡಿಕೆಯ ತುದಿಯಲ್ಲಿ ಎರಡು ಗುಂಡು, ನಲವತ್ತು ವರ್ಷ ಅಂಗೈ ತಾಗಿ ನುಣುಪಾಗಿದ್ದು.

ಸೆಕ್ಯೂರಿಟಿಯ ಹುಡುಗನಿಗೆ ಕನ್ನಡ ಬರುತ್ತಿತ್ತು, ಪುಣ್ಯ. "ಇದು ಒಳಗೆ ಬಿಡಲ್ಲ ಸಾರ್, ಬ್ಲೇಡ್ ಇದೆ."

"ಇದರಲ್ಲಿ ಅಡಿಕೆ ಬಿಟ್ಟು ಬೇರೆ ಎಂತದೂ ಕತ್ತರಿಸಿಲ್ಲ ತಮ್ಮಾ" ಅಂದರು ಚಿಕ್ಕಪ್ಪ.

ಅವನು ನಕ್ಕ. ಆದರೆ ಬಿಡಲಿಲ್ಲ. ಬಿಡುವ ಹಾಗೂ ಇಲ್ಲ. ವಾಪಸ್ ಹೋಗಿ ಬ್ಯಾಗಿಗೆ ಹಾಕಿಸಲು ಹೊತ್ತು ಮೀರಿತ್ತು. ಕತ್ತರಿ ಅಲ್ಲಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಬಿತ್ತು. ನೇಲ್ ಕಟರ್, ಲೈಟರ್‌ಗಳ ಮೇಲೆ. ಚಿಕ್ಕಪ್ಪ ಒಂದು ಸಲ ತಿರುಗಿ ನೋಡಿ ನಡೆದರು. ನಾನು ಆಮೇಲೆ ಅರ್ಧ ಗಂಟೆ ಮಾತಾಡಲಿಲ್ಲ.

ಬಸ್ಸು ವಿಮಾನದ ಹತ್ತಿರ ತಂದು ಬಿಟ್ಟಿತು. ಎಟಿಆರ್ 72. ಫ್ರಾನ್ಸ್‌ನ ಟುಲೂಸ್‌ನಲ್ಲಿ ತಯಾರಾಗುವ, ಎರಡು ಪ್ರೊಪೆಲ್ಲರ್‌ನ ವಿಮಾನ. ಕೆಲವರು ಇದನ್ನು ಕಂಡರೆ ಮೂಗು ಮುರಿಯುತ್ತಾರೆ. "ಅಯ್ಯೋ, ಫ್ಯಾನ್ ಇರೋದಾ?" ಅನ್ನುತ್ತಾರೆ. ನನ್ನನ್ನು ಕೇಳಿದರೆ, ವಿಮಾನ ಹೇಗೆ ಕೆಲಸ ಮಾಡುತ್ತದೆ ಅಂತ ನೋಡುವ ಆಸೆ ಇದ್ದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮೊದಲನೆಯದಾಗಿ, ಹತ್ತುವುದು ಹಿಂದಿನ ಬಾಗಿಲಿನಿಂದ. ಸಾಮಾನಿನ ಜಾಗ ಮುಂದೆ, ಪೈಲಟ್ ಕೂರುವ ಕಡೆ ಮತ್ತು ನಮ್ಮ ಸೀಟುಗಳ ನಡುವೆ. ರೆಕ್ಕೆ ನೆತ್ತಿಯ ಮೇಲೆ ಇರುತ್ತದೆ, ಹಾಗಾಗಿ ಕಿಟಕಿಯಿಂದ ಕೆಳಗೆ ನೋಡಲು ಏನೂ ಅಡ್ಡ ಇಲ್ಲ. ಚಕ್ರಗಳು ರೆಕ್ಕೆಯಿಂದ ಇಳಿಯುವುದಿಲ್ಲ, ಹೊಟ್ಟೆಯ ಬದಿಯಿಂದ ಇಳಿಯುತ್ತವೆ. ರೆಕ್ಕೆಗಿಂತ ಸ್ವಲ್ಪ ಹಿಂದಿನ ಸಾಲಿನಲ್ಲಿ ಕೂತರೆ ಚಕ್ರ ನೆಲ ಮುಟ್ಟುವುದನ್ನೇ ನೋಡಬಹುದು. ದೊಡ್ಡ ಜೆಟ್‌ನಲ್ಲಿ ಎಷ್ಟು ದುಡ್ಡು ಕೊಟ್ಟರೂ ಇದು ಸಿಗಲ್ಲ.

ನಾವು ಬಸ್ಸಿನಿಂದ ಇಳಿದಾಗ ವಿಮಾನದ ಬಲಗಡೆಯ ಎಂಜಿನ್ ಸದ್ದು ಮಾಡುತ್ತಿತ್ತು, ಪ್ರೊಪೆಲ್ಲರ್ ಮಾತ್ರ ಅಲ್ಲಾಡದೆ ನಿಂತಿತ್ತು. ಚಿಕ್ಕಪ್ಪ ಅದನ್ನು ಗಮನಿಸಿದರು. "ಮಿಷನ್ ಓಡ್ತಾ ಇದೆ, ಫ್ಯಾನ್ ತಿರುಗ್ತಾ ಇಲ್ಲ. ಕೆಟ್ಟಿದೆಯನಾ?" ಕೆಟ್ಟಿರಲಿಲ್ಲ. ನಿಂತಿರುವಾಗ ದೀಪಕ್ಕೆ, ಎಸಿಗೆ ಕರೆಂಟ್ ಬೇಕಲ್ಲ, ಅದಕ್ಕೆ ದೊಡ್ಡ ವಿಮಾನಗಳ ಬಾಲದಲ್ಲಿ ಬೇರೆ ಸಣ್ಣ ಎಂಜಿನ್ ಇರುತ್ತದೆ. ಎಟಿಆರ್‌ನಲ್ಲಿ ಅದಿಲ್ಲ. ಬಲಗಡೆಯ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ಎಂಜಿನ್ ಮಾತ್ರ ಓಡಿಸುತ್ತಾರೆ. ಇದಕ್ಕೆ ಹೋಟೆಲ್ ಮೋಡ್ ಅಂತ ಹೆಸರು. "ಪಂಪ್‌ಸೆಟ್ಟಿನ ಬೆಲ್ಟ್ ತೆಗೆದು ಮೋಟಾರು ಓಡಿಸಿದ ಹಾಗೆ" ಅಂದರು ಚಿಕ್ಕಪ್ಪ. ನನ್ನ ವಿವರಣೆಗಿಂತ ಅದೇ ಚೆನ್ನಾಗಿತ್ತು.

ಎಡಗಡೆ ಕಿಟಕಿ ಅವರಿಗೆ ಕೊಟ್ಟೆ. ಶಿವಮೊಗ್ಗಕ್ಕೆ ಹೋಗುವಾಗ ಎಡಗಡೆಯೇ ಒಳ್ಳೆಯದು, ಘಟ್ಟದ ಸಾಲು ಆ ಕಡೆ. ವಿಮಾನ ಏರಿದ್ದು ಸುಮಾರು 16 ಸಾವಿರ ಅಡಿ, ವೇಗ ಗಂಟೆಗೆ 500 ಕಿಲೋಮೀಟರ್ ಆಸುಪಾಸು. ಜೆಟ್‌ಗಳು ಹಾರುವ ಎತ್ತರದ ಅರ್ಧವೂ ಇಲ್ಲ, ಅದಕ್ಕೇ ಕೆರೆ, ಗದ್ದೆಯ ಬದು, ತೆಂಗಿನ ತೋಟದ ಸಾಲು ಎಲ್ಲ ಬೇರೆ ಬೇರೆಯಾಗಿ ಕಾಣುತ್ತದೆ. ಕಡೂರು ಸೀಮೆ ದಾಟುವಾಗ ದೂರದಲ್ಲಿ ಬಾಬಾಬುಡನ್ ಸಾಲು ಮೋಡದ ಮೇಲೆ ತಲೆ ಎತ್ತಿತ್ತು. ಅದರಲ್ಲೇ ಮುಳ್ಳಯ್ಯನಗಿರಿ, ರಾಜ್ಯದ ಅತಿ ಎತ್ತರದ ಬೆಟ್ಟ, 1,930 ಮೀಟರ್. ಆಮೇಲೆ ಭದ್ರಾ ಹಿನ್ನೀರು, ಮಧ್ಯೆ ಮಧ್ಯೆ ಹಸಿರು ನಡುಗಡ್ಡೆ. ಚಿಕ್ಕಪ್ಪ ಹಣೆಯನ್ನು ಕಿಟಕಿಗೆ ಒತ್ತಿಕೊಂಡೇ ಇದ್ದರು. ಗಾಜಿನ ಮೇಲೆ ಗಂಧದ ಬೊಟ್ಟು ಮೂಡಿತ್ತು.

ಶಿವಮೊಗ್ಗದ ಹತ್ತಿರ ಮೋಡ ಕೆಳಗಿತ್ತು. ವಿಮಾನ ಇಳಿಯತೊಡಗಿತು. ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಚಾಚಿದ ಸದ್ದು, ಆಮೇಲೆ ಧಡ್ ಅಂತ ಚಕ್ರ ಇಳಿದ ಸದ್ದು. ಕಿಟಕಿಯ ಹೊರಗೆ ಬರೀ ಬಿಳಿ. ಆ ಬಿಳಿಯಲ್ಲೇ ಒಂದು ತೋಟ ಮಿಂಚಿ ಮಾಯವಾಯಿತು. ಇದ್ದಕ್ಕಿದ್ದಂತೆ ಎಂಜಿನ್ ಜೋರಾಯಿತು, ಮೂತಿ ಮೇಲೆದ್ದಿತು, ಬೆನ್ನು ಸೀಟಿಗೆ ಅಂಟಿತು. ಗೋ ಅರೌಂಡ್.

ಇದರ ಬಗ್ಗೆ ನಾನು ಎಷ್ಟೋ ಓದಿದ್ದೇನೆ. ಇಳಿಯುವಾಗ ಗೊತ್ತು ಮಾಡಿದ ಒಂದು ಎತ್ತರದವರೆಗೆ ಬರಬಹುದು. ಅಷ್ಟರೊಳಗೆ ರನ್‌ವೇ ಕಾಣದಿದ್ದರೆ ಪೈಲಟ್ ಮರುಮಾತಿಲ್ಲದೆ ಮೇಲಕ್ಕೆ ಎತ್ತಲೇಬೇಕು. ಅದು ಅಪಾಯ ಅಲ್ಲ, ಅಪಾಯ ತಪ್ಪಿಸುವ ಅಭ್ಯಾಸ. ಇದನ್ನೆಲ್ಲ ಆಫೀಸಿನಲ್ಲಿ ಎಷ್ಟು ಜನಕ್ಕೆ ಪಾಠ ಹೇಳಿಲ್ಲ ನಾನು. ಈಗ ನನ್ನ ಎರಡು ಕೈಯೂ ಸೀಟಿನ ಹಿಡಿಕೆಯ ಮೇಲಿದ್ದವು, ಅಂಗೈ ಬೆವರಿತ್ತು. ಪಕ್ಕದಲ್ಲಿ ಚಿಕ್ಕಪ್ಪ ಕಿಟಕಿಯಿಂದ ಮುಖ ತೆಗೆಯದೆ ಹೇಳಿದರು: "ಚಕ್ರ ಮಡಚಿಕೊಳ್ತು. ಕೊಕ್ಕರೆ ಕಾಲು ಮಡಚಿದ ಹಾಗೇ."

ಒಂದು ಸುತ್ತು ಹೊಡೆದು ಮತ್ತೆ ಬಂದೆವು. ಮೋಡ ಅಷ್ಟರಲ್ಲಿ ಹರಿದಿತ್ತು. ಈ ಸಲ ಚಕ್ರ ನೆಲ ಮುಟ್ಟಿದ್ದನ್ನು ಅವರು ನೋಡಿದರು: ಮೊದಲು ಒಂದು ಹೊಗೆಯ ಎಳೆ, ಆಮೇಲೆ ನೀರಿನ ಸಿಂಚನ. ಕೂಡಲೇ ಪ್ರೊಪೆಲ್ಲರ್ ಎಲೆಗಳು ಕೋನ ಬದಲಿಸಿ ಗಾಳಿಯನ್ನು ಮುಂದಕ್ಕೆ ತಳ್ಳುವ ಗುಡುಗು. ರನ್‌ವೇ ಇನ್ನೂ ಬೇಕಾದಷ್ಟು ಬಾಕಿ ಇತ್ತು. ಶಿವಮೊಗ್ಗದ ನಿಲ್ದಾಣ ಇರುವುದು ಸೋಗಾನೆಯಲ್ಲಿ, ಅಲ್ಲಿನ ರನ್‌ವೇ 3 ಕಿಲೋಮೀಟರ್‌ಗೂ ಉದ್ದ, ಎಟಿಆರ್‌ಗೆ ಅದರ ಅರ್ಧವೂ ಬೇಡ.

ಹೊರಗೆ ಬಂದು ತಾವರೆಯ ಆಕಾರದ ಕಟ್ಟಡವನ್ನು ಚಿಕ್ಕಪ್ಪ ತಿರುತಿರುಗಿ ನೋಡಿದರು. ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಅಂತ ಬೋರ್ಡು. "ಸರಿಯಾಗೇ ಇಟ್ಟಿದಾರೆ. ರಾಮಾಯಣ ಬರೆದವರು, ಪುಷ್ಪಕ ವಿಮಾನದ ವಿಷಯ ಗೊತ್ತಿತ್ತು" ಅಂದರು. 2008ರಲ್ಲಿ ಶುರುವಾಗಿ ನಿಂತು, 2020ರಲ್ಲಿ ಮತ್ತೆ ಶುರುವಾಗಿ, 2023ರ ಫೆಬ್ರವರಿ 27ರಂದು ಉದ್ಘಾಟನೆಯಾದ ನಿಲ್ದಾಣ ಇದು. ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ಅದೂ ಎಟಿಆರೇ. "ನಮ್ಮೂರ ಮೊಬೈಲ್ ಟವರಿಗಿಂತ ಬೇಗ ಆಯ್ತು ಬಿಡು" ಅಂದರು.

ರಾತ್ರಿ ಶಿವಮೊಗ್ಗದಲ್ಲಿ ತಂಗಿಯ ಮನೆ. ಅವಳು ಅಡಿಕೆ ಚೂರು ತಂದಿಟ್ಟಳು. ಚಿಕ್ಕಪ್ಪ ಬಾಯಿಗೆ ಹಾಕಿಕೊಂಡು, "ಅಂಗಡಿಯದ್ದು" ಅಂತ ಒಂದೇ ಮಾತು ಹೇಳಿದರು.

ಶನಿವಾರ

ಬೆಳಿಗ್ಗೆ ಮತ್ತೆ ಸೋಗಾನೆಗೆ ಹೋಗೋಣ ಅಂದಾಗ ತಂಗಿ ನಮ್ಮಿಬ್ಬರ ಮುಖ ನೋಡಿದಳು. ನಿನ್ನೆ ಇಳಿದ ಜಾಗಕ್ಕೆ ಇವತ್ತು ಸುಮ್ನೆ ನೋಡಲು ಹೋಗುವವರು ಅವಳ ಲೆಕ್ಕದಲ್ಲಿ ಪೂರ್ತಿ ಸರಿಯಿಲ್ಲ.

ರಸ್ತೆ ಬದಿಯಲ್ಲಿ ಒಂದು ಚಹಾದಂಗಡಿ. ತಗಡಿನ ಮಾಡು, ಒಂದು ಬೆಂಚು. ನಾನು ಫೋನಿನ ಆ್ಯಪ್ ತೆಗೆದೆ. ವಿಮಾನಗಳು ತಾವು ಎಲ್ಲಿದ್ದೇವೆ, ಎಷ್ಟು ಎತ್ತರ, ಎಷ್ಟು ವೇಗ ಅಂತ ರೇಡಿಯೋದಲ್ಲಿ ಸದಾ ಸಾರುತ್ತಲೇ ಇರುತ್ತವೆ. ಅಲ್ಲಲ್ಲಿ ಆಸಕ್ತರು ಮನೆ ಮಹಡಿಯ ಮೇಲೆ ಇಟ್ಟ ಸಣ್ಣ ರಿಸೀವರ್‌ಗಳು ಅದನ್ನು ಹಿಡಿದು ಇಂಟರ್ನೆಟ್‌ಗೆ ಕೊಡುತ್ತವೆ. ಅದೇ ನಮ್ಮ ಫೋನಿನಲ್ಲಿ ಹಳದಿ ವಿಮಾನವಾಗಿ ಕಾಣುವುದು. ಬೆಂಗಳೂರಿನಿಂದ ಹೊರಟದ್ದು ತರೀಕೆರೆಯ ಹತ್ತಿರ ಬಂತು. ಕೆಳಗಿಳಿದ ಮೇಲೆ ಆ್ಯಪ್‌ನಲ್ಲಿ ಅಲ್ಲೇ ನಿಂತುಬಿಟ್ಟಿತು. ರಿಸೀವರ್‌ಗೆ ವಿಮಾನ ಅಡ್ಡಿಯಿಲ್ಲದೆ ಕಾಣಬೇಕು. ತಗ್ಗಿದರೆ ಗುಡ್ಡ ಅಡ್ಡ ಬರುತ್ತದೆ.

"ಎಲ್ಲಿ ಬಂತು ನಿಮ್ದು?" ಅಂದರು ಚಹಾದಂಗಡಿಯ ಅಕ್ಕ.

"ತೋರಿಸ್ತಾ ಇಲ್ಲ ಅಕ್ಕ, ನಿಂತಿದೆ."

"ಅದೆಂತ ನಿಲ್ಲೂದು ಆಕಾಶದಲ್ಲಿ? ಬಂತು ನೋಡಿ." ಅವರು ಹಾಲಿನ ಪಾತ್ರೆಯಿಂದ ಕಣ್ಣು ತೆಗೆದಿರಲಿಲ್ಲ. ನನಗೆ ಏನೂ ಕೇಳಿಸಿರಲಿಲ್ಲ. ಹತ್ತು ಎಣಿಸುವಷ್ಟರಲ್ಲಿ ಸದ್ದು ಬಂತು, ಆಮೇಲೆ ತೆಂಗಿನ ಮರಗಳ ಮೇಲೆ ಎಟಿಆರ್ ಬಂತು. ದೀಪ ಹಚ್ಚಿಕೊಂಡು, ಕಾಲು ಚಾಚಿಕೊಂಡು, ಗಾಳಿಗೆ ಒಂದಿಷ್ಟು ಓರೆಯಾಗಿ. ಪೈಲಟ್ ಅದನ್ನು ಸರಿಪಡಿಸಿಕೊಳ್ಳುತ್ತಿದ್ದದ್ದು ಬಾಲದ ಅಲುಗಾಟದಲ್ಲಿ ಗೊತ್ತಾಗುತ್ತಿತ್ತು. ಚಿಕ್ಕಪ್ಪನ ಚಹಾ ತಣ್ಣಗಾಯಿತು. ಅಕ್ಕ ಹೇಳಿದ್ದು: ಮೊದಲ ತಿಂಗಳು ಅಂಗಡಿ ಬಿಟ್ಟು ಓಡಿ ನೋಡುತ್ತಿದ್ದರಂತೆ, ಈಗ ಅದರ ಸದ್ದಿಗೆ ಎರಡನೇ ಸಲದ ಹಾಲು ಇಡುತ್ತಾರಂತೆ.

ಒಂದು ಮಾತು. ಇಂಥ ಕಡೆ ನಿಲ್ಲುವುದಾದರೆ ಸಾರ್ವಜನಿಕ ರಸ್ತೆಯಲ್ಲೇ ನಿಲ್ಲಿ. ಬೇಲಿಯ ಹತ್ತಿರ ಕ್ಯಾಮೆರಾ ಹಿಡಿದು ಓಡಾಡಬೇಡಿ, ಪೊಲೀಸರಿಗೆ ಉತ್ತರ ಹೇಳುವುದರಲ್ಲೇ ವಿಮಾನ ಹೋಗಿರುತ್ತದೆ.

ಮಧ್ಯಾಹ್ನ ತೀರ್ಥಹಳ್ಳಿ ರಸ್ತೆ ಹಿಡಿದೆವು. ಸಕ್ರೆಬೈಲಿನಲ್ಲಿ ಆನೆ ನೋಡಲು ಚಿಕ್ಕಪ್ಪ ಒಪ್ಪಲಿಲ್ಲ. "ಅದು ಹಾರಲ್ಲ." ನಿಂತದ್ದು ಮಂಡಗದ್ದೆಯಲ್ಲಿ. ತುಂಗಾ ನದಿಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳ ಸಂತೆ. ಗೂಡಿನಲ್ಲಿ ಮರಿಗಳ ಗಲಾಟೆ, ಮೂಗಿಗೆ ಹಿಕ್ಕೆಯ ವಾಸನೆ. ನಾನು ಬೈನಾಕ್ಯುಲರ್ ಕೊಟ್ಟೆ. ಅವರು ಬೇಡ ಅಂದರು. ಹೊಸ ಕಣ್ಣಿದೆಯಲ್ಲ.

ಒಂದು ಬೆಳ್ಳಕ್ಕಿ ಇಳಿಯುವುದನ್ನು ಪೂರ್ತಿ ನೋಡಿದೆವು. ದೂರದಿಂದಲೇ ರೆಕ್ಕೆ ಬಡಿತ ಕಡಿಮೆ ಮಾಡಿತು. ಮರ ದಾಟಿ ಹೋಗಿ, ಗಾಳಿಗೆ ಎದುರಾಗಿ ತಿರುಗಿತು. ವಿಮಾನವೂ ಗಾಳಿಗೆ ಎದುರಾಗಿಯೇ ಇಳಿಯುತ್ತದೆ, ಹಾಗೆ ಮಾಡಿದರೆ ನೆಲದ ಮೇಲೆ ವೇಗ ಕಡಿಮೆಯಾಗುತ್ತದೆ. ಕಾಲು ಕೆಳಗೆ ಬಿಟ್ಟಿತು. ಕೊನೆಗೆ ಮೈ ನೆಟ್ಟಗೆ ಮಾಡಿ ರೆಕ್ಕೆಯನ್ನು ಗಾಳಿಗೆ ಅಡ್ಡ ಹಿಡಿಯಿತು. ಆಗ ರೆಕ್ಕೆಯ ಮುಂದಿನ ಅಂಚಿನ ಮಡಿಕೆಯಲ್ಲಿ, ನಮ್ಮ ಹೆಬ್ಬೆರಳಿನ ಜಾಗದಲ್ಲಿ, ಒಂದು ಪುಟ್ಟ ಗರಿಯ ಗೊಂಚಲು ಎದ್ದು ನಿಂತಿತು. ಅರೆ ಕ್ಷಣ ಅಷ್ಟೇ. ನಿಧಾನ ಹಾರುವಾಗ ರೆಕ್ಕೆಯ ಮೇಲಿನ ಗಾಳಿ ಕಿತ್ತುಹೋದರೆ ಹಕ್ಕಿ ಕಲ್ಲಿನ ಹಾಗೆ ಬೀಳುತ್ತದೆ. ಆ ಗರಿ ಎದ್ದರೆ ಗಾಳಿ ರೆಕ್ಕೆಗೆ ಇನ್ನಷ್ಟು ಹೊತ್ತು ಅಂಟಿಕೊಂಡಿರುತ್ತದೆ. ದೊಡ್ಡ ಜೆಟ್‌ಗಳು ಇಳಿಯುವಾಗ ರೆಕ್ಕೆಯ ಮುಂದಿನ ಅಂಚನ್ನು ಮುಂದೆ ಚಾಚುತ್ತವಲ್ಲ, ಸ್ಲ್ಯಾಟ್ ಅಂತ, ಅದರ ಕೆಲಸವೂ ಇದೇ. ಜರ್ಮನಿಯ ಒಟ್ಟೋ ಲಿಲಿಯೆಂಥಾಲ್ ವರ್ಷಗಟ್ಟಲೆ ಕೊಕ್ಕರೆ ನೋಡಿ 1889ರಲ್ಲಿ ಹಕ್ಕಿಯ ಹಾರಾಟದ ಮೇಲೆ ಪುಸ್ತಕ ಬರೆದ, ಆಮೇಲೆ ತಾನೇ ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಹಾರಿದ, 1896ರಲ್ಲಿ ಹಾಗೇ ಬಿದ್ದು ಸತ್ತ. ಇದನ್ನು ಹೇಳಿದಾಗ ಚಿಕ್ಕಪ್ಪ, "ಪಾಪ, ಇನ್ನೂ ಸ್ವಲ್ಪ ವರ್ಷ ನೋಡ್ಬೇಕಿತ್ತು" ಅಂದರು.

ನೀರುಕಾಗೆ ಏಳುವುದು ಬೇರೆ ಥರ. ನೀರಿನ ಮೇಲೆ ಪಟಪಟ ಕಾಲು ಬಡಿಯುತ್ತಾ ದೂರ ಓಡಿ, ಒದ್ದೆ ಮೈಯನ್ನು ಕಷ್ಟಪಟ್ಟು ಎತ್ತುತ್ತದೆ. ಭಾರ ಜಾಸ್ತಿ, ರನ್‌ವೇ ಉದ್ದ ಬೇಕು.

ಭಾನುವಾರ

ಮನೆಯಲ್ಲಿ ಕಡುಬು, ಚಟ್ನಿ. ಚಿಕ್ಕಮ್ಮನಿಗೆ ಚಕ್ರ ಮಡಚಿದ ಕಥೆ ಎರಡು ಸಲ ಹೇಳಿಯಾಗಿತ್ತು.

ಪಕ್ಕದ ತೋಟಕ್ಕೆ ಡ್ರೋನ್‌ನವರು ಬಂದಿದ್ದರು. ಮಳೆ ಇನ್ನೂ ಬಿಟ್ಟಿರಲಿಲ್ಲ, ಅಡಿಕೆಯ ಕೊಳೆರೋಗಕ್ಕೆ ಮೂರನೇ ಔಷಧಿ ಹೊಡೆಸಬೇಕು, ಮರ ಹತ್ತುವ ಕೊನೆಗಾರರು ಸಿಗುವುದಿಲ್ಲ. ಇಬ್ಬರು ಹುಡುಗರು, ಒಂದು ಪಿಕಪ್ಪು, ಆರು ಪ್ರೊಪೆಲ್ಲರ್‌ನ ಯಂತ್ರ, ಹೊಟ್ಟೆಯಲ್ಲಿ 10 ಲೀಟರ್ ಟ್ಯಾಂಕು. ಈ ಗಾತ್ರದ ಡ್ರೋನ್ ಹಾರಿಸಲು ತರಬೇತಿ ಮುಗಿಸಿ ಪೈಲಟ್ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು, 2021ರ ಡ್ರೋನ್ ನಿಯಮ. "ಹಾಗಾದ್ರೆ ಇವನೂ ಪೈಲಟ್ಟೇ" ಅಂತ ಚಿಕ್ಕಪ್ಪ ಆ ಹುಡುಗನಿಗೆ ಬೆಲ್ಲ ನೀರು ಕೊಡಿಸಿದರು.

ಮರಗಳ ತಲೆಯ ಮೇಲೆ ಅದು ಹಾರುವುದು ನೋಡಲು ಚೆಂದ. ಕೆಳಗಿನ ಗಾಳಿಗೆ ಸೋಗೆಗಳೆಲ್ಲ ಅತ್ತಿತ್ತ ಸರಿದು ದಾರಿ ಬಿಡುತ್ತವೆ. ಆದರೆ ಚಿಕ್ಕಪ್ಪ ನೋಡಿದ್ದು ಬೇರೆ. "ಔಷಧಿ ಬೀಳ್ತಾ ಇರೂದು ಸೋಗೆ ಮೇಲೆ. ಅಡಿಕೆ ಕೊನೆ ಇರೂದು ಸೋಗೆ ಕೆಳಗೆ." ಹೌದಲ್ಲ! ಮರ ಹತ್ತಿದ ಕೊನೆಗಾರ ಗೊನೆಯ ಸುತ್ತ, ಸಂದಿಗೆ, ಕೆಳಗಿನಿಂದ ಹೊಡೆಯುತ್ತಾನೆ. ಹುಡುಗ ಒಪ್ಪಿಕೊಂಡ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಸುಣ್ಣ ನಾಜಲ್‌ಗೆ ಕಟ್ಟಿಕೊಳ್ಳುತ್ತದೆ, ಅದಕ್ಕೇ ಬೇರೆ ಔಷಧಿ ಹಾಕುತ್ತೇವೆ ಅಂದ. ನಮ್ಮಲ್ಲಿ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಅಂತಲೇ ಲೆಕ್ಕ ಕಲಿತವರು. ಚಿಕ್ಕಪ್ಪ "ನೋಡುವ" ಅಂದರು. ಅವರ ಬಾಯಲ್ಲಿ ಅದರ ಅರ್ಥ "ಇಲ್ಲ".

ಡ್ರೋನ್ ಹೋದ ಮೇಲೆ ತೋಟ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಗ ಒಂದು ಮರದ ಕಾಂಡದಿಂದ ತೊಗಟೆಯ ಚೂರು ಕಳಚಿ ಬಿದ್ದ ಹಾಗಾಯಿತು. ಬೀಳಲಿಲ್ಲ. ತೇಲಿ ಹೋಗಿ ನಾಲ್ಕು ಮರ ಆಚೆ ಅಂಟಿತು. ಹಾರುವ ಓತಿ. ಪಕ್ಕೆಲುಬುಗಳನ್ನೇ ಉದ್ದ ಮಾಡಿಕೊಂಡು, ಅದರ ಮೇಲೆ ಚರ್ಮ ಎಳೆದು, ಛತ್ರಿಯ ಹಾಗೆ ಬಿಡಿಸುತ್ತದೆ. ಇಳಿಯುವ ಮುಂಚೆ ತುಸು ಮೇಲಕ್ಕೆ ಎದ್ದು ವೇಗ ಕಳೆದುಕೊಂಡದ್ದು ಸ್ಪಷ್ಟ ಕಂಡಿತು. ಕತ್ತಿನ ಕೆಳಗಿನ ಹಳದಿ ಚೀಲ ಎರಡು ಸಲ ಆಡಿಸಿ ಮರದ ಹಿಂದೆ ಸರಿಯಿತು. ಚಿಕ್ಕಪ್ಪನಿಗೆ ಇದು ದಿನಾ ನೋಡುವ ಪ್ರಾಣಿ. ನಾನು ಫೋಟೋಕ್ಕೆ ಒದ್ದಾಡುವುದನ್ನು ನೋಡಿ ನಕ್ಕರು.

ಸಂಜೆ ಕುಂದಾದ್ರಿ. ಆಗುಂಬೆಯ ಹತ್ತಿರದ ಬಂಡೆ ಬೆಟ್ಟ, ತುದಿಯಲ್ಲಿ ಪಾರ್ಶ್ವನಾಥರ ಬಸದಿ, ಬಂಡೆಯಲ್ಲೇ ಕೊಳ. ಕಾರು ಮೇಲಿನವರೆಗೆ ಹೋಗುತ್ತದೆ. ಮೋಡ ಬಿಟ್ಟ ಒಂದು ಗಂಟೆಯಲ್ಲಿ ಮೂರು ಬಿಳಿ ಗೆರೆ ಸಿಕ್ಕಿದವು. ಎಂಜಿನ್‌ನಿಂದ ಬರುವ ನೀರಾವಿ ಮೇಲಿನ ಚಳಿಗೆ ಕ್ಷಣದಲ್ಲಿ ಮಂಜಿನ ಹರಳಾಗುವುದೇ ಆ ಗೆರೆ. ಒಂದು ದುಬೈನಿಂದ ಬೆಂಗಳೂರಿಗೆ, ಅಂತ ಆ್ಯಪ್ ಹೇಳಿತು. ಅದರ ಸದ್ದು ಅರ್ಧ ನಿಮಿಷ ತಡವಾಗಿ ಬಂತು, ವಿಮಾನ ಇಲ್ಲದ ಜಾಗದಿಂದ. ಅಷ್ಟು ಎತ್ತರದಿಂದ ಸದ್ದು ಇಳಿಯಲು ಅಷ್ಟು ಹೊತ್ತು ಬೇಕು.

"ಈಗ ಊಟ ಕೊಡ್ತಾ ಇರ್ತಾರೆ" ಅಂದೆ.

"ನಮಗೆ ನೀರು ಬಿಟ್ಟು ಎಂತದೂ ಕೊಡ್ಲಿಲ್ಲಲ್ಲ ಮಾರಾಯ" ಅಂದರು ಚಿಕ್ಕಪ್ಪ.

ಸೋಮವಾರ

ಚಿಕ್ಕಮ್ಮ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಕೊಟ್ಟರು. ಈ ಸಲ ಕಲಿತಿದ್ದೆ. ಮೂರು ಪ್ಲಾಸ್ಟಿಕ್ ಸುತ್ತಿ ಚೆಕ್ ಇನ್ ಬ್ಯಾಗಿಗೆ ಹಾಕಿದೆ. ಕೈಚೀಲದಲ್ಲಿದ್ದರೆ ಅದೂ ಆ ಡಬ್ಬಿಗೆ ಸೇರುತ್ತಿತ್ತು.

ಚಿಕ್ಕಪ್ಪ ಬಿಡಲು ಸೋಗಾನೆಯವರೆಗೆ ಬಂದರು. ಒಳಗೆ ಬರಲಿಲ್ಲ. ಅಕ್ಕನ ಅಂಗಡಿಯ ಬೆಂಚಿನಲ್ಲಿ ಕೂತುಕೊಳ್ಳುತ್ತೇನೆ, ನೀನು ಹೋಗು ಅಂದರು. ವಿಮಾನ ಏರುವಾಗ ಕೆಳಗೆ ತಗಡಿನ ಮಾಡು ಹುಡುಕಿದೆ. ಅಂಥ ಮಾಡು ಹತ್ತಾರಿದ್ದವು.

ಬೆಂಗಳೂರಿನಲ್ಲಿ ಇಳಿದು ಫೋನ್ ಆನ್ ಮಾಡಿದ ಕೂಡಲೇ ಅವರ ಕರೆ.

"ಮುಟ್ಟಿದ್ಯನಾ? ನಿಂದು ಎದ್ದಿದ್ದು ಪೂರ್ತಿ ನೋಡಿದೆ. ಬಲಗಡೆ ಚಕ್ರ ಮೊದಲು ಒಳಗೆ ಹೋಯ್ತು, ಎಡಗಡೆದು ಚೂರು ತಡ. ಅಲ್ಲಿ ಯಾರಿಗಾದ್ರೂ ಹೇಳು."

ಹೇಳುತ್ತೇನೆ ಅಂದೆ.

"ಮತ್ತೆ ದೀಪಾವಳಿಗೆ ಬರುವಾಗ ಒಂದು ಒಳ್ಳೆ ಅಡಕತ್ತರಿ ತಗಂಡು ಬಾ. ವಿಮಾನ ಬೇಡ. ಬಸ್ಸಲ್ಲಿ ಬಾ."